ಕಬ್ಬಿಣದ ಒರೆ

ಏಳು ಬೆಟ್ಟಗಳಾಚೆ, ಹಿಂದೊಂದು ಕಾಲದಲ್ಲಿ, ಉಕ್ಕಲಕೋಟೆ ಎಂಬ ರಾಜ್ಯವಿತ್ತು. ಅದಕ್ಕೊಬ್ಬ ರಾಜನಿದ್ದ, ಹೆಸರಿಗೆ ಮಾತ್ರ. ನಿಜವಾಗಿ ಆಳುತ್ತಿದ್ದವನು ಕರಿಜಂಘ ಎಂಬ ಮಾಂತ್ರಿಕ.

ಕರಿಜಂಘನಿಗೆ ಒಂದೇ ಹುಚ್ಚು. ನೆಪೋಲಿಯನ್ನನ ಸೇನೆಯೊಡನೆ ಕಾದಾಡಿದ ಇಂಗ್ಲಿಷ್ ಕುದುರೆ ಸವಾರರ ಹಳೆಯ ಕತ್ತಿಗಳನ್ನು ಕೂಡಿಹಾಕುವುದು. ಬಾಗಿದ ಅಗಲವಾದ ಅಲಗು, ಕಬ್ಬಿಣದ ಒರೆ. ಅವನ ರೆಕ್ಕೆಯ ಕುದುರೆ ಸಮುದ್ರ ದಾಟಿ ಹೋಗಿ ಒಂದೊಂದನ್ನೇ ಹೊತ್ತು ತರುತ್ತಿತ್ತು. ತಂದ ಕತ್ತಿಯನ್ನು ತೂಗುಹಾಕಲು ಗೂಟ ಬೇಕಲ್ಲ? ಗೋಡೆಗೆ ಒಂದು ಮೊಳೆ ಹೊಡೆದರೆ ಆಗುತ್ತಿತ್ತು. ಆದರೆ ಆ ದುಷ್ಟನಿಗೆ ಮನುಷ್ಯರೇ ಬೇಕು! ಕತ್ತಿಗೊಬ್ಬನಂತೆ ರಾಜ ಆಳು ಕಳಿಸುತ್ತಿದ್ದ. ಮಾಂತ್ರಿಕ ಅವನನ್ನು ಕೈ ಚಾಚಿದ ಮರದ ಗೊಂಬೆ ಮಾಡಿ ನಿಲ್ಲಿಸುತ್ತಿದ್ದ. ತೊಂಬತ್ತೊಂಬತ್ತು ಕತ್ತಿ, ತೊಂಬತ್ತೊಂಬತ್ತು ಗೊಂಬೆ. ಹೇಳುವಾಗಲೇ ನನ್ನ ಮೈ ಉರಿಯುತ್ತದೆ.

ಕೊನೆಯ ಗೊಂಬೆ ಸಾಣೆ ಹಿಡಿಯುವ ಮುದ್ದೀರ. ಅವನು ಮಾಡಿದ ತಪ್ಪು ಇಷ್ಟೇ. "ಬಂದೋರಿಗೆಲ್ಲ ತೋರಿಸೋಕೆ ಕತ್ತಿ ಎಳೆದೆಳೆದು ಒರೆಗೆ ಹಾಕಬೇಡಿ ಬುದ್ಧಿ. ಕಬ್ಬಿಣದ ಒರೆ ಹರಿತ ತಿಂದುಬಿಡ್ತದೆ" ಎಂದು ಮಾಂತ್ರಿಕನಿಗೆ ಹೇಳಿದ್ದ.

ಮುದ್ದೀರನ ತಂಗಿ ಕೆಂಪೀರಿ. ಅವಳದೂ ಸಾಣೆಯ ಕೆಲಸವೇ. ಸುದ್ದಿ ಕೇಳಿದವಳೇ ರಾಗಿ ಕೊಯ್ಯುವ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿ ಹೊರಟಳು. ಮಾಂತ್ರಿಕನ ಶಕ್ತಿಯೆಲ್ಲ ಅವನ ಜುಟ್ಟಿನಲ್ಲಿದೆಯೆಂದು ಊರಿಗೇ ಗೊತ್ತಿತ್ತು. ಆದರೆ ಅವನು 'ಹೂಂ' ಎಂದರೆ ಸಾಕು, ಕತ್ತಿಗಳು ತಾವಾಗಿ ಹಾರಿಬಂದು ಕಡಿಯುತ್ತಿದ್ದವು. ಹಾಗಾಗಿ ಯಾರೂ ಹತ್ತಿರ ಸುಳಿಯುತ್ತಿರಲಿಲ್ಲ.

"ನಮ್ಮಣ್ಣನ್ನ ಬಿಡು!" ಎಂದು ಕೆಂಪೀರಿ ಬಾಗಿಲಲ್ಲೇ ಗುಡುಗಿದಳು.

ಕರಿಜಂಘ ನಕ್ಕ. "ನನ್ನ ಕತ್ತಿಗಳಲ್ಲಿ ಒಂದು ಕುಂದು ತೋರಿಸು, ಬಿಡ್ತೀನಿ. ಮೂರು ದಿನ ಗಡುವು. ಆಗಲಿಲ್ಲವೋ, ನೂರನೇ ಗೊಂಬೆ ನೀನೇ."

ಮೊದಲ ದಿನ ಅವನು ತೊಂಬತ್ತೊಂಬತ್ತನ್ನೂ ಸರ್ರನೆ ಎಳೆದು ತೋರಿಸಿ ಒರೆಗೆ ಹಾಕಿದ. "ಸರಿಯಾಗಿ ಕಾಣಲಿಲ್ಲ, ಇನ್ನೊಂದ್ಸಲ" ಎಂದಳು ಕೆಂಪೀರಿ. ಮೆಚ್ಚಿದಳೆಂದು ಹಿಗ್ಗಿ ಅವನು ಮತ್ತೆ ಎಳೆದ.

ಎರಡನೆಯ ದಿನವೂ ಎಳೆದ. "ಆ ಸದ್ದು ಚೆನ್ನಾಗದೆ, ಇನ್ನೊಂದ್ಸಲ" ಎಂದಳು. ಎಳೆದೆಳೆದು ಹಾಕಿದ. ಅಣ್ಣನ ಮರದ ಮುಖ ನೋಡಿ ಅವಳ ಹಲ್ಲು ಕಟಕಟ ಎಂದವು, ಆದರೂ ತಡೆದುಕೊಂಡಳು.

ಮೂರನೆಯ ದಿನ ಅವನು ಬೆವರು ಸುರಿಸುತ್ತ ಎಲ್ಲವನ್ನೂ ಎಳೆದು ಮುಗಿಸಿದ ಮೇಲೆ, "ಕುಂದು ಹೇಳ್ಲಾ? ಅಷ್ಟೂ ಮೊಂಡು. ಬೆಣ್ಣೇನೂ ಕುಯ್ಯಕ್ಕಿಲ್ಲ" ಎಂದಳು.

"ಹೂಂ!" ಎಂದು ಅವನು ಅಬ್ಬರಿಸಿದ.

ಕತ್ತಿಗಳು ಹಾರಿಬಂದು ಅವಳ ಮೇಲೆ ಬಿದ್ದವು. ದೊಣ್ಣೆಪೆಟ್ಟು ಬಿದ್ದ ಹಾಗೆ ಬೆನ್ನು, ತೋಳು ಬಾತುಕೊಂಡವು. ಆದರೆ ಒಂದು ಹನಿ ರಕ್ತವೂ ಬರಲಿಲ್ಲ. ಕೆಂಪೀರಿ ಪೆಟ್ಟು ತಿನ್ನುತ್ತಲೇ ನುಗ್ಗಿ ಅವನ ಜುಟ್ಟು ಹಿಡಿದಳು.

"ನಮ್ಮಣ್ಣ ಹೇಳಿದ್ದ, ನೀನು ಕೇಳಲಿಲ್ಲ" ಎಂದು ಕುಡುಗೋಲು ಎಳೆದಳು.

ಜುಟ್ಟು ಕೈಗೆ ಬಂತು, ಮಾಂತ್ರಿಕ ಹಿಡಿ ಬೂದಿಯಾದ. ತೊಂಬತ್ತೊಂಬತ್ತು ಗೊಂಬೆಗಳು ಉಸಿರೆಳೆದುಕೊಂಡು ಮನುಷ್ಯರಾದವು.

ಆಗ ಬಂದ ನೋಡಿ, ನಮ್ಮ ರಾಜ! ಅಲ್ಲಿಯವರೆಗೆ ಎಲ್ಲಿದ್ದನೋ. "ಈ ಕತ್ತಿಗಳು ಅರಮನೆಗೆ ಸೇರಬೇಕು" ಎಂದ.

"ಆಗ್ಲಿ ಬುದ್ಧಿ" ಎಂದಳು ಕೆಂಪೀರಿ. "ನೀವು ಕಳಿಸಿದೋರು ವರ್ಷಗಟ್ಟಲೆ ಹೊತ್ತರು. ನೀವು ಒಂದು ದಿನ, ಹಿಂಗೇ ಕೈ ಚಾಚಿ ಹೊತ್ಕೊಂಡು ನಿಂತ್ಕೊಳ್ಳಿ. ಆಮೇಲೆ ನಿಮ್ಮವೇ."

ಅವನ ಕೈಮೇಲೆ ಒಂದೇ ಒಂದು ಕತ್ತಿ ಇಟ್ಟರು. ತೊಂಬತ್ತೊಂಬತ್ತು ಜನ ಸುತ್ತ ನಿಂತು ನೋಡಿದರು. ಊಟದ ಹೊತ್ತಿಗೆ ರಾಜನ ಕೈ ಸೋತು ಕತ್ತಿ ಕೆಳಗೆ ಬಿತ್ತು. ಕಿರೀಟವನ್ನೂ ಅಲ್ಲೇ ಬಿಟ್ಟು ಅವನು ಬೆಟ್ಟ ದಾಟಿ ಹೋದ. ಕರೆಯಲು ಯಾರೂ ಹೋಗಲಿಲ್ಲ.

ರೆಕ್ಕೆಯ ಕುದುರೆ ಕತ್ತಿಗಳನ್ನು ತಂದ ಮನೆಗಳಿಗೇ ಮುಟ್ಟಿಸಿ ಬಂತು. ಅಂದಿನಿಂದ ಉಕ್ಕಲಕೋಟೆಯಲ್ಲಿ ಎಲ್ಲರೂ ಉಂಡುಟ್ಟು ಸುಖವಾಗಿದ್ದರು. ಮುದ್ದೀರನ ತೋಳುಗಳು ಮಾತ್ರ ಪೂರ್ತಿ ಕೆಳಗಿಳಿಯಲೇ ಇಲ್ಲ. ಕೆಂಪೀರಿಯ ಮಕ್ಕಳು ಅವಕ್ಕೆ ಜೋತುಬಿದ್ದು ಉಯ್ಯಾಲೆ ಆಡುತ್ತಿದ್ದರು.