ಗೋಧಿಯಿಲ್ಲದ ಚಕ್ಕುಲಿ

“ಸುಳ್ಳು ಬರೆದಿದ್ದೀರಿ ನೀವು,” ಎಂದಳು ಶಶಿರೇಖಾ.

ಸೊರಬದ ಬಸ್‌ಸ್ಟ್ಯಾಂಡಿನಲ್ಲಿ, ಬೆಳಗಿನ ಹತ್ತು ಗಂಟೆಗೆ, ಅಷ್ಟು ಜನರ ಎದುರು. ಬಸ್ಸಿಗೆ ಹಾಕಲೆಂದು ಚಕ್ಕುಲಿ ವ್ಯಾಪಾರಿ ಯೋಗೇಶ ಎತ್ತಿದ್ದ ರಟ್ಟಿನ ಪೆಟ್ಟಿಗೆ ಗಾಳಿಯಲ್ಲೇ ನಿಂತಿತು. ಅವಳನ್ನು ಕಂಡಾಗ ದಿನವೂ ಮೂಡುವ ನಗು ಅವತ್ತೂ ಮೂಡಿತ್ತು. ಈಗ ಅದು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ತುಟಿಯಲ್ಲೇ ಉಳಿಯಿತು.

“ಎಂತ ಸುಳ್ಳು ಮಾರಾಯ್ರೇ?”

ಅವಳು ಚಕ್ಕುಲಿಯ ಪ್ಯಾಕೆಟ್ಟನ್ನು ಅವನ ಮುಖದ ಮುಂದೆ ಹಿಡಿದಳು. ‘ಗ್ಲುಟೆನ್ ಫ್ರೀ’ ಎಂಬ ಹಸಿರು ಅಕ್ಷರದ ಕೆಳಗೆ ಬೆರಳಿಟ್ಟಳು.

“ಮೂರು ತಿಂಗಳಿಂದ ದಿನಾ ಇದನ್ನೇ ತಿಂದೀನ್ರೀ. ನಿನ್ನೆ ರಕ್ತದ ರಿಪೋರ್ಟ್ ಬಂತು. ಗೋಧಿ ತಿಂತಿದೀಯಾ ಅಂತ ಡಾಕ್ಟರ್ ಬೈದ್ರು. ಇದೊಂದು ಬಿಟ್ರೆ ಹೊರಗಿಂದು ಏನೂ ಮುಟ್ಟಿಲ್ಲ ನಾನು.”

ಶಶಿರೇಖಾ ಶಿಕಾರಿಪುರ–ಸೊರಬ ಬಸ್ಸಿನ ಕಂಡಕ್ಟರ್. ಎರಡು ವರ್ಷದ ಹಿಂದೆ ಮೈ ಇಳಿದು, ಕೂದಲು ಉದುರಿ, ಮೆಟ್ಟಿಲು ಹತ್ತಲೂ ಆಗದ ಸ್ಥಿತಿಗೆ ಬಂದಾಗ ಡಾಕ್ಟರು ಹೇಳಿದ್ದು ಒಂದೇ ಪದ: ಸೀಲಿಯಾಕ್. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಅವಳ ಕರುಳಿಗೆ ವಿಷ. ಮಾತ್ರೆ ಇಲ್ಲ, ಆಪರೇಷನ್ ಇಲ್ಲ. ಬದುಕಿರುವಷ್ಟು ದಿನ ತಿನ್ನಬಾರದು, ಅಷ್ಟೇ.

ಮನೆಯಲ್ಲಿ ಅಮ್ಮ ತುಂಗಮ್ಮ ಎಲ್ಲ ನೋಡಿಕೊಳ್ಳುತ್ತಿದ್ದಳು. ಕಷ್ಟವಿದ್ದದ್ದು ಡ್ಯೂಟಿಯಲ್ಲಿ. ಹೋಟೆಲಿನಲ್ಲಿ ಚಪಾತಿ ಸುಟ್ಟ ಕಾವಲಿಯ ಮೇಲೇ ದೋಸೆ. ಕಾರ್ನ್‌ಫ್ಲೇಕ್ಸ್ ಕೊಂಡರೆ ಅದರಲ್ಲಿ ಬಾರ್ಲಿಯ ಮಾಲ್ಟ್. ಅಂಗಡಿಯಲ್ಲಿ ಅವಳು ಪ್ಯಾಕೆಟ್ಟು ತಿರುಗಿಸಿ ತಿರುಗಿಸಿ ಓದುವುದನ್ನು ಕಂಡು, “ಪರೀಕ್ಷೆ ಐತೇನ್ರೀ ನಾಳೆ?” ಎಂದು ನಗುವವರೂ ಇದ್ದರು.

ಯೋಗೇಶನ ಚಕ್ಕುಲಿಯನ್ನೂ ಅವಳು ಮೊದಲು ಹಾಗೆಯೇ ತಿರುಗಿಸಿ ಓದಿದ್ದಳು. “ಮೈದಾ ಇದೆ, ನಂಗಾಗಲ್ಲ,” ಎಂದು ವಾಪಸ್ಸು ಕೊಟ್ಟಿದ್ದಳು. ಹದಿನೈದು ದಿನಕ್ಕೆ ಹೊಸ ಪ್ಯಾಕೆಟ್ಟು ಬಂತು. ಹಸಿರು ಅಕ್ಷರದ್ದು. ಆ ದಿನ ಶಿರಾಳಕೊಪ್ಪ ಬರುವಷ್ಟರಲ್ಲಿ ಅವಳು ಅರ್ಧ ಪ್ಯಾಕೆಟ್ಟು ಮುಗಿಸಿದ್ದಳು. ಎಷ್ಟೋ ದಿನದ ಮೇಲೆ ಹಲ್ಲಿನಡಿ ಕರುಮ್ ಎನ್ನುವುದೊಂದು ಸಿಕ್ಕಿತ್ತು.

ಆಮೇಲೆ ಮಾತು ಬೆಳೆಯಿತು.

“ಚಕ್ಕುಲಿ ಪೆಟ್ಟಿಗೆಗೂ ಟಿಕೆಟ್ ಉಂಟನ?” ಎಂದು ಅವನು ಕೇಳುತ್ತಿದ್ದ.

“ಜೊತೆಗೆ ಬಂದೋರು ಮಾತಾಡದಿದ್ರೆ ಹಾಫ್. ಮಾತಾಡಿದ್ರೆ ಫುಲ್.”

“ಹಂಗಾರೆ ಫುಲ್ಲೇ ಹರೀರಿ.”

ಟಿಕೆಟ್ ಹರಿದು ಕೊಡುವಾಗ ಅವಳು ತಲೆಯೆತ್ತುತ್ತಿರಲಿಲ್ಲ. ಎತ್ತಿದರೆ ನಗು ಬರುತ್ತದೆಂದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಆದರೆ ಈಗ ಅವಳು ತಲೆಯೆತ್ತಿಯೇ ನಿಂತಿದ್ದಳು. ಯೋಗೇಶ ಪೆಟ್ಟಿಗೆಯನ್ನು ಕೆಳಗಿಟ್ಟ.

“ಬಸ್ ಬಿಡಕ್ಕೆ ಇನ್ನೂ ಅರ್ಧ ಗಂಟೆ ಇದೆ. ಬನ್ನಿ. ನಮ್ಮ ಡಬ್ಬಿಗಳನ್ನೆಲ್ಲ ನೀವೇ ನೋಡಿ.”

ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರು ಚಕ್ಕುಲಿ ಮಾಡುವ ಕೋಣೆ. ಅವನ ತಾಯಿ ಗುಡ್ಡಮ್ಮ ಬಾಣಲೆಯ ಮುಂದೆ ಕೂತಿದ್ದಳು. ಶಶಿರೇಖಾ ಒಂದೊಂದೇ ಡಬ್ಬಿ ನೋಡಿದಳು. ಅಕ್ಕಿಹಿಟ್ಟು, ಉದ್ದಿನಹಿಟ್ಟು, ಎಳ್ಳು, ಓಮ, ಬೆಣ್ಣೆ. ಎಲ್ಲ ಸರಿಯಿತ್ತು. ತನ್ನದೇ ತಪ್ಪೇನೋ ಎಂದು ಅವಳಿಗೆ ಅನ್ನಿಸತೊಡಗಿತು. ಹಾಗೇ ಆಗಿರಲಿ ದೇವರೇ ಎಂದೂ ಅನ್ನಿಸಿತು.

ಕೊನೆಗೆ ಸಿಕ್ಕಿದ್ದು ಇಂಗಿನ ಹಳದಿ ಡಬ್ಬಿ. ಹಿಂದುಗಡೆ ಇರುವೆ ಸಾಲಿನಂಥ ಅಕ್ಷರ. ಅವಳು ಅದನ್ನು ಬಾಗಿಲ ಬೆಳಕಿಗೆ ಹಿಡಿದಳು.

“ಓದ್ರೀ ಇದನ್ನ.”

ಅವನು ಓದಿದ. ಮತ್ತೊಮ್ಮೆ ಓದಿದ. “ಗೋಂದು… ಗೋಧಿ ಹಿಟ್ಟು…”

“ಅಯ್ಯೋ ನನ್ನವ್ವ!” ಗುಡ್ಡಮ್ಮನ ಕೈಯ ಜಾಲರಿ ಸೌಟು ಎಣ್ಣೆಗೇ ಜಾರಿಬಿತ್ತು. “ಇಂಗಿನಾಗೂ ಗೋಧಿ ಹಾಕ್ತಾರನ?”

“ಟೆಸ್ಟ್ ಮಾಡಿಸ್ದೆ ಹೆಂಗೆ ಬರೆದ್ರಿ?” ಶಶಿರೇಖಾ ಕೇಳಿದಳು.

ಯೋಗೇಶ ನೆಲ ನೋಡುತ್ತ ಹೇಳಿದ. “ಮೈದಾ ಬಿಟ್ರೆ ಸಾಕು ಅಂದ್ಕೊಂಡೆ. ಹಂಗೆ ಬರೆದ್ರೆ ನೀವು ತಿಂತೀರಿ ಅಂತ… ನಿಮಗೋಸ್ಕರನೇ ಬರೆದೆ.”

ಇದುವರೆಗೆ ಯಾರೂ ಅವಳಿಗಾಗಿ ಎರಡಕ್ಷರ ಬರೆದಿರಲಿಲ್ಲ. ಒಬ್ಬ ಬರೆದ, ಅದು ಮೂರು ತಿಂಗಳು ಅವಳ ಕರುಳನ್ನೇ ಸುಟ್ಟಿತು. ಸಂತೋಷವೋ ಸಿಟ್ಟೋ ಎದೆಯಲ್ಲಿ ಒಟ್ಟಿಗೇ ಎದ್ದು, ಸಿಟ್ಟೇ ಮೊದಲು ಬಾಯಿಗೆ ಬಂತು.

“ಆದ್ರೆ ಓದೋಳು ನಾನೊಬ್ಬಳೇ ಏನ್ರೀ? ನನ್ನಂಥದೇ ಒಂದು ಮಗು ಇದನ್ನ ನಂಬಿ ತಿಂದಿದ್ರೆ?”

ಯೋಗೇಶ ಚಪ್ಪಲಿ ಮೆಟ್ಟಿದ.

ಅದೇ ಬಸ್ಸಿಗೆ ಅವನೂ ಹತ್ತಿದ. ಶಿಕಾರಿಪುರದಲ್ಲಿ ಇಳಿದು ಅಂಗಡಿ ಅಂಗಡಿ ಹೊಕ್ಕು ತನ್ನ ಪ್ಯಾಕೆಟ್ಟುಗಳನ್ನೆಲ್ಲ ವಾಪಸ್ಸು ಪಡೆದ. “ನಾನು ತಪ್ಪು ಬರೆದಿದ್ದೆ. ಇದರಲ್ಲಿ ಗೋಧಿ ಇದೆ. ಯಾರು ಕೊಂಡಿದ್ರೋ ಅವರಿಗೂ ಹೇಳ್ಬಿಡಿ,” ಎಂದು ಅವನು ಕೈಮುಗಿಯುವುದನ್ನು ಶಶಿರೇಖಾ ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಕಣ್ಣಾರೆ ಕಂಡಳು. ಅಂಗಡಿಯವನು, “ತನ್ನ ಮಾಲನ್ನ ತಾನೇ ಬೈಯೋ ವ್ಯಾಪಾರಿನ ಇವತ್ತೇ ಕಂಡೆ,” ಎಂದು ಬಾಯಿಬಿಟ್ಟು ನಿಂತಿದ್ದ. ಅವಳೂ ಹೆಚ್ಚುಕಡಿಮೆ ಹಾಗೆಯೇ ನಿಂತಿದ್ದಳು.

ಆಮೇಲೆ ಎರಡು ತಿಂಗಳು ಅವನ ಸುಳಿವಿಲ್ಲ. ಅವಳ ಹೊಟ್ಟೆಯೇನೋ ಸರಿಹೋಗುತ್ತ ಬಂತು. ಆದರೆ ಸೊರಬದ ಸ್ಟ್ಯಾಂಡು ಬಂದರೆ ಕಣ್ಣು ಸುಮ್ಮನೆ ಕಿಟಕಿಯಾಚೆ ಓಡುತ್ತಿತ್ತು. ಬೈದಿದ್ದು ಸರಿ. ಬೈದು ಬಿಟ್ಟು ಬಂದದ್ದು?

ಒಂದು ಮಧ್ಯಾಹ್ನ ಶಿಕಾರಿಪುರದಲ್ಲಿ ಬಸ್ಸು ಹೊರಡುವ ಹೊತ್ತಿಗೆ ಅವನು ಮೆಟ್ಟಿಲು ಹತ್ತಿ ಬಂದ. ಪೆಟ್ಟಿಗೆ ಇರಲಿಲ್ಲ. ಕೈಯಲ್ಲಿ ಒಂದು ಕವರು.

“ಇಂಗು ಬಿಟ್ವಿ. ಪಾತ್ರೆ, ಜರಡಿ, ಚಕ್ಕುಲಿ ಒರಳು ಎಲ್ಲ ಹೊಸದು ತಂದ್ವಿ. ಬೆಂಗಳೂರಿನ ಲ್ಯಾಬಿಗೆ ಕಳಿಸಿದ್ದೆ. ರಿಪೋರ್ಟ್ ಬಂತು.”

“ಪಾಸಾಯ್ತಾ?”

“ಫೇಲು.”

ಅವನು ಕವರಿನಿಂದ ಕಾಗದ ತೆಗೆದು ತೋರಿಸಿದ.

“ಕೇಜಿಗೆ ಇಪ್ಪತ್ತು ಮಿಲಿಗ್ರಾಂ ದಾಟಬಾರದು. ನಮ್ಮದು ನಲವತ್ತೊಂದು. ಅಕ್ಕಿ ಬೀಸ್ಸೋ ಗಿರಣಿಲಿ ನಮಗಿಂತ ಮೊದಲು ಗೋಧಿ ಬೀಸಿರ್ತಾರೆ. ನಂಗದು ಹೊಳೀಲೇ ಇಲ್ಲ.”

“ಫೇಲಾಯ್ತು ಅಂತ ಹೇಳಕ್ಕೆ ಇಷ್ಟು ದೂರ ಬಂದ್ರಾ?”

“ಇಂಗು ಬಿಟ್ಟಿದಾರೆ ಅಂತ ಕೇಳಿ ನೀವು ಎಲ್ಲಾದ್ರೂ ತಿಂದುಬಿಟ್ರೆ? ಒಂದು ಸಣ್ಣ ಗಿರಣಿ ನಾವೇ ಹಾಕ್ತಿದೀವಿ. ಮತ್ತೆ ಟೆಸ್ಟಿಗೆ ಕಳಿಸ್ತೀನಿ. ಅದೂ ಫೇಲಾದ್ರೆ ಅದನ್ನೂ ಬಂದು ಹೇಳ್ತೀನಿ.” ಅವನು ಕಾಗದವನ್ನು ಮಡಚಿ ಕವರಿಗೆ ಹಾಕಿದ. “ಅಮ್ಮ ಮನೇಲೂ ಚಪಾತಿ ನಿಲ್ಲಿಸಿದಾಳೆ. ಗೋಧಿ ಡಬ್ಬಿ ಪಕ್ಕದ ಮನೆಗೆ ಕೊಟ್ಟಾಯ್ತು.”

“ಅವರು ಯಾಕ್ರೀ ಬಿಡಬೇಕು?”

“ನೀವು ಬರೋದಾದ್ರೆ ಅಡುಗೆಮನೆ ತಯಾರಿರಬೇಕಲ್ಲ.”

ಶಶಿರೇಖಾ ಸೀಟಿನ ಕಂಬಿ ಹಿಡಿದುಕೊಂಡಳು. ಕಳೆದ ವರ್ಷ ನೋಡಲು ಬಂದಿದ್ದ ವರನ ಕಡೆಯವರು ಕಾಯಿಲೆಯ ಹೆಸರು ಕೇಳಿ, ಕೊಟ್ಟ ಕಾಫಿಯನ್ನೂ ಕುಡಿಯದೆ ಎದ್ದು ಹೋಗಿದ್ದರು. ಇಲ್ಲಿ ಒಬ್ಬ, ಕೇಳುವುದಕ್ಕೂ ಮೊದಲೇ, ಮನೆಯ ಗೋಧಿಯನ್ನು ಹೊರಗೆ ಹಾಕಿ ಬಂದಿದ್ದ.

“ಮದುವೇಲಿ ಹೋಳಿಗೆ ಇರಲ್ಲ,” ಎಂದಳು. ದನಿ ತನ್ನದೇ ಎಂದು ಅವಳಿಗೆ ನಂಬಿಕೆಯಾಗಲಿಲ್ಲ. “ಶ್ಯಾವಿಗೆ ಪಾಯಸಾನೂ ಇರಲ್ಲ. ನೆಂಟರು ಆಡ್ಕೊಂತಾರೆ.”

“ಅಕ್ಕಿ ಕಡುಬು ಮಾಡ್ಸನ. ಅಕ್ಕಿ ಪಾಯಸ ಮಾಡ್ಸನ. ಆಡ್ಕೊಂಬರು ಎರಡು ಸಲ ಹಾಕಿಸ್ಕೊಂಡು ಆಡ್ಕೊಳ್ಳಲಿ.”

ಅವಳು ನಕ್ಕಳು. ನಗುವಾಗಲೇ ಕಣ್ಣು ತುಂಬಿತು. ಇಡೀ ಬಸ್ಸು ಇವರನ್ನೇ ನೋಡುತ್ತಿತ್ತು.

ಡ್ರೈವರ್ ನಾಗರಾಜ್ ಕನ್ನಡಿಯಲ್ಲೇ ನೋಡುತ್ತ ಕೂಗಿದ: “ಶಶಿರೇಖಾ ಅವ್ರೇ, ಟೈಮಾತ್ರೀ. ಏನಂತೀರಿ?”

“ರೈಟ್,” ಎಂದಳು ಅವಳು. ಡ್ರೈವರನ ಕಡೆ ನೋಡಿ ಹೇಳಲಿಲ್ಲ.

ಬಸ್ಸು ಹೊರಟಿತು. ಸೀಟು ಖಾಲಿಯಿದ್ದರೂ ಯೋಗೇಶ ಕೂರುವುದನ್ನು ಮರೆತು ನಿಂತೇ ಇದ್ದ.