ಹುಳುಮನೆಗೆ ಬಂದ ಎರಡು ಪೆಟ್ಟಿಗೆ

ವಿದ್ಯುತ್ತಿನ ವಿಷಯ ನಾನು ಸಂಜೆ ಶಾಲೆಯಲ್ಲಿ ಕಲಿತದ್ದು, ಅದೂ ಅರ್ಧಂಬರ್ಧ. ಆದರೂ ಇದನ್ನು ಹೇಳಲು ಹೊರಟಿದ್ದೇನೆ. ತಪ್ಪಿದ್ದರೆ ಮಕ್ಕಳು ಕ್ಷಮಿಸಬೇಕು.

"ಅಲ್ಲೇ ನಿಲ್ಲು. ಕೈಯಲ್ಲಿರೋದು ಯಾರು?" ಎಂದರು ಅಜ್ಜಿ ಬೀಬಿ, ಹುಳುಮನೆಯ ಬಾಗಿಲಲ್ಲಿ.

"ಯಾರೂ ಅಲ್ಲ ಬೀಬಿ. ಪೆಟ್ಟಿಗೆ," ಎಂದಳು ಮುನೀರಾ.

"ಹೊರಗಿನದು ತಾನೇ? ಹೊಗೆ ಹಾಕದೆ ಒಳಗೆ ಬಿಡಲ್ಲ."

ರೇಷ್ಮೆಹುಳು ಇರುವ ಕೋಣೆಗೆ, ಗೂಡು ಕಟ್ಟುವವರೆಗೂ, ಹೊರಗಿನವರು ಕಾಲಿಡುವಂತಿಲ್ಲ. ದೃಷ್ಟಿ ತಾಗುತ್ತದೆ. ಬೀಬಿ ದೃಷ್ಟಿ ತೆಗೆಯುವ ಒಣಗಿದ ಇಸ್ಪಂದ್ ಗಿಡ ಸುಟ್ಟು, ಮೊಮ್ಮಗಳಿಗೂ ಪೆಟ್ಟಿಗೆಗೂ ಹೊಗೆ ಹಿಡಿದರು. ಮುನೀರಾ ಕೆಮ್ಮುತ್ತ ಒಳಗೆ ಬಂದಳು.

ಮೊದಲೆಲ್ಲ ಬೀಬಿ ಅಂಗಿಯ ತೋಳು ಮಡಚಿ ಒಂದು ಗಳಿಗೆ ನಿಂತರೆ ಸಾಕಿತ್ತು, ಕೋಣೆಯ ಬಿಸಿ ತಿಳಿಯುತ್ತಿತ್ತು. ಚಳಿಗಾಲದ ಕಾಯಿಲೆಯ ನಂತರ ಆ ತೋಳಿಗೆ ಏನೂ ತಿಳಿಯುತ್ತಿಲ್ಲ. ಗೋಡೆಯ ಥರ್ಮಾಮೀಟರ್ ಒಂದು ಮೂಲೆಯ ಬಿಸಿ ಮಾತ್ರ ಹೇಳುತ್ತದೆ. ಹುಳುಗಳ ತಟ್ಟೆಗಳಿರುವುದು ನಾಲ್ಕು ಅಂತಸ್ತಿನಲ್ಲಿ. ಆಗಲೇ ಮೇಲಿನ ತಟ್ಟೆಯಲ್ಲಿ ಒಂದಷ್ಟು ಹುಳು ಸತ್ತಿದ್ದವು.

"ಇವೂ ಹೋದರೆ ಮುಂದಿನ ವಸಂತಕ್ಕೆ ಮೊಟ್ಟೆ ತರೋದು ಬೇಡ," ಎಂದಿದ್ದಳು ಅಮ್ಮ.

ಶಾಲೆಯ ವಿಜ್ಞಾನ ಕೂಟದ ಮುಅಲ್ಲಿಮ್, ಅಂದರೆ ಮೇಷ್ಟ್ರು, ಅಂಗಡಿಯಿಂದ ಎರಡು ಯುಎಸ್‌ಬಿ ಪೆಟ್ಟಿಗೆ ತಂದಿದ್ದರು. ಸೆನ್ಸರಿನ ತಂತಿ ಸಿಕ್ಕಿಸಿ ಲ್ಯಾಪ್‌ಟಾಪಿಗೆ ಜೋಡಿಸಿದರೆ ಅವು ಅಳತೆ ತೋರಿಸುತ್ತವೆ. ಕೂಟಕ್ಕೆ ಒಂದೇ, ಇನ್ನೊಂದನ್ನು ಶನಿವಾರ ವಾಪಸ್ ಕೊಡಬೇಕು. ಹುಳುಮನೆಯ ಬಿಸಿ ಅಳೆಯುವ ಯೋಚನೆ ಮುನೀರಾಳದು, ಆರಿಸುವ ಕೆಲಸವೂ ಅವಳಿಗೇ ಬಂತು.

ಒಂದು ಪೆಟ್ಟಿಗೆ ಸೆಕೆಂಡಿಗೆ ಲಕ್ಷ ಸಲ ಅಳೆಯುತ್ತದೆ. ಇನ್ನೊಂದು ನಾಲ್ಕೇ ಸಲ.

"ಕತ್ತೆಗಾಡಿ," ಎಂದು ಎರಡನೆಯದನ್ನು ನೋಡಿ ನಕ್ಕವಳು ಮುನೀರಾಳೇ.

ಈಗ ಅವಳು ಅಕ್ಕನ ಲ್ಯಾಪ್‌ಟಾಪ್ ತೆರೆದು, ಲಕ್ಷದ ಪೆಟ್ಟಿಗೆ ಜೋಡಿಸಿ, ತಟ್ಟೆಗಳ ನಡುವೆ ನಾಲ್ಕು ತಂತಿ ಇಳಿಬಿಟ್ಟಳು. ಪರದೆಯ ಮೇಲೆ ಸೊನ್ನೆ. ಆಮೇಲೆ ನೂರಿಪ್ಪತ್ತು. ಮತ್ತೆ ಸೊನ್ನೆ.

"ಎಷ್ಟಂತೆ?"

"ನೂರಿಪ್ಪತ್ತು ಡಿಗ್ರಿ."

"ಹಾಗಿದ್ರೆ ನಾವಿಬ್ರೂ ಬೆಂದ ಸಂಬೂಸಾ," ಎಂದು ಬೀಬಿ ಸೊಪ್ಪು ಹರಡತೊಡಗಿದರು. ಮುನೀರಾಗೆ ನಗು ಬರಲಿಲ್ಲ.

ಮರುದಿನ ಮುಅಲ್ಲಿಮ್ ಪೆಟ್ಟಿಗೆ ತಿರುಗಿಸಿ ನೋಡಿದರು. "ಈ ತಂತಿ ಕೊಡೋ ಸಿಗ್ನಲ್ ಇರುವೆ ಹೆಜ್ಜೆಯಷ್ಟು, ಮುನೀರಾ. ಇದರ ಅಳತೆಗೋಲಿನ ಒಂದು ಗೆರೆಯಿಂದ ಇನ್ನೊಂದಕ್ಕೆ ನೂರಿಪ್ಪತ್ತು ಡಿಗ್ರಿ ದೂರ. ಲಕ್ಷ ಸಲ ನೋಡಿದ್ರೂ ನಡುವಿನದು ಕಾಣಲ್ಲ."

"ಇನ್ನೊಂದು ಪೆಟ್ಟಿಗೆಗೆ?"

"ಡಿಗ್ರಿಯ ಹತ್ತನೇ ಒಂದು ಪಾಲೂ ಕಾಣುತ್ತೆ."

ಹಿಂದಿನ ಬೆಂಚಿನಿಂದ ಫಿರೂಜ್ ಕೂಗಿದ, "ಏಯ್, ಕತ್ತೆಗಾಡಿ ಬೇಕಂತೆ ಇವಳಿಗೆ."

ಮುನೀರಾ ಎದ್ದು ನಿಂತಳು. ಕಿವಿ ಬಿಸಿಯಾಯಿತು. "ಹೌದು, ಬೇಕು. ನಾನು ದೊಡ್ಡ ನಂಬರ್ ನೋಡಿ ಆರಿಸಿಬಿಟ್ಟೆ. ನಮ್ಮ ಬೀಬಿಯ ಹುಳು ಸಾಯ್ತಿವೆ."

ಫಿರೂಜ್ ಬೆಂಚಿನಿಂದ ಎದ್ದ. ಆಮೇಲೆ ತಾನೇ ಆ ಪೆಟ್ಟಿಗೆ ತಂದು ಅವಳ ಮುಂದೆ ಇಟ್ಟ.

ಆ ಸಂಜೆ ಪರದೆಯ ಮೇಲೆ ನಾಲ್ಕು ಗೆರೆ ಮೂಡಿದವು. ಕೆಳಗಿನ ಮೂರು ತಟ್ಟೆ ಇಪ್ಪತ್ತೈದರ ಆಸುಪಾಸು. ಮೇಲಿನದು ಮೂವತ್ತೊಂದು, ಹುಳುಗಳಿಗೆ ತಡೆಯಲಾಗದ ಬಿಸಿ. ಬೀಬಿ ಕೋಣೆ ಕಾಯಿಸುವ ಒಲೆಯ ಬಾಯಿ ಅರ್ಧ ಮುಚ್ಚಿದರು. ಮೇಲಿನ ಗೆರೆ ಇಳಿಯಲೇ ಇಲ್ಲ.

"ಕೆಟ್ಟೋಯ್ತಾ ಬೀಬಿ?"

"ಕೂತ್ಕೋ ಜಾನಂ. ಕೋಣೆ ತಣಿಯೋಕೆ ಹೊತ್ತು ಬೇಕು."

ಬೀಬಿ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಹೀಗೆ ಕೂತಾಗಲೆಲ್ಲ ಅವರು ತೂಕಡಿಸುತ್ತಾರೆಂದೇ ಮುನೀರಾ ತಿಳಿದಿದ್ದಳು. ಅವಳೂ ಕಣ್ಣು ಮುಚ್ಚಿದಳು. ಎಲ್ಲ ಕಡೆಯಿಂದ ಹುಳುಗಳು ಸೊಪ್ಪು ಮೇಯುವ ಸಣ್ಣ ಸದ್ದು ಬರುತ್ತಿತ್ತು. ಮೇಲಿನ ತಟ್ಟೆಯಲ್ಲಿ ಮಾತ್ರ ಇರಲಿಲ್ಲ. ಬಹಳ ಹೊತ್ತಿನ ಮೇಲೆ ಅಲ್ಲಿಯೂ ಶುರುವಾಯಿತು.

"ಕೇಳಿಸ್ತಾ?" ಎಂದರು ಬೀಬಿ, ಕಣ್ಣು ತೆರೆಯದೆ.

ಮುನೀರಾ ಹೂಂ ಎಂದಳು. ಪರದೆಯತ್ತ ಇಬ್ಬರೂ ನೋಡಲಿಲ್ಲ. ಆಗ ಅಲ್ಲಿ ಎಷ್ಟು ಡಿಗ್ರಿ ಇತ್ತೋ, ನನಗೆ ಗೊತ್ತಿಲ್ಲ.