ಕಳುವಾದ ಮೂರು ಮೀಟರ್

ಬೆಳಗ್ಗೆ ಒಂಬತ್ತಕ್ಕೆ ನೋಡಿದರೆ ಮೈದಾನ ಕಳುವಾಗಿತ್ತು. ಇಡೀ ಮೈದಾನವಲ್ಲ—ಮೂರು ಮೀಟರ್.

"ತೊಂಬತ್ತೇಳು," ಎಂದರು ಲೀಗ್ ಕಚೇರಿಯಿಂದ ಬಂದ ಅಳತೆ ಸಾಹೇಬರು, ತಮ್ಮ ಟೇಪಿನ ಮೇಲೆ ಬಗ್ಗಿ.

"ನೂರು!" ಎಂದರು ಕ್ಲಬ್ಬಿನ ಅಧ್ಯಕ್ಷರು.

ಮತ್ತೆ ಅಳೆದರು. ತೊಂಬತ್ತೇಳು. ಆಚೆ ಬದಿಯ ಗೆರೆಯಲ್ಲೂ ಅಳೆದರು. ತೊಂಬತ್ತೇಳು. ಅಧ್ಯಕ್ಷರು ಬಿಟ್ಟ ನಿಟ್ಟುಸಿರಿಗೆ ನಾಲ್ಕು ಮೂಲೆಯ ಬಾವುಟಗಳೂ ಒಂದೇ ದಿಕ್ಕಿಗೆ ಹಾರಿದವು.

"ಹನ್ನೆರಡು ವರ್ಷದಿಂದ ನಾವೇ ಅಳೆದು, ಸಹಿ ಹಾಕಿ ಕಳಿಸ್ತಿದ್ದೀವಿ ಸಾರ್. ಒಂದು ವರ್ಷವೂ ನೂರು ತಪ್ಪಿಲ್ಲ!"

"ಮೂರನೇ ಡಿವಿಜನ್‌ವರೆಗೆ ನೀವು ಅಳೆದಿದ್ದೇ ಅಳತೆ. ಎರಡನೇದಕ್ಕೆ ಹತ್ತಬೇಕಾದ್ರೆ ನಾವು ಅಳೆದಿದ್ದೇ ಅಳತೆ." ಸಾಹೇಬರು ಟೇಪು ಸುತ್ತಿದರು. "ಸಂಜೆ ಐದಕ್ಕೆ ಇನ್ನೊಂದು ಸಲ ಬರ್ತೀನಿ. ಆಗಲೂ ನೂರಿಲ್ಲ ಅಂದ್ರೆ ನಿಮ್ಮ ಹಿಂದಿರೋ ಕ್ಲಬ್ಬು ಮೇಲಕ್ಕೆ ಹೋಗುತ್ತೆ. ಆರಕ್ಕೆ ಪಟ್ಟಿ ಮುಚ್ಚುತ್ತೆ."

ದೇಶದ ಫುಟ್‌ಬಾಲ್ ಎಂಬುದು ನಾಲ್ಕು ಅಂತಸ್ತಿನ ಮನೆ. ಮೊದಲನೇ ಡಿವಿಜನ್ನಿನ ಆಟಗಾರ ಸೀನಿದರೂ ಟಿವಿಯಲ್ಲಿ ಮೂರು ಕೋನದಿಂದ ತೋರಿಸುತ್ತಾರೆ. ಎರಡನೆಯದರಲ್ಲಿ ಆಟವೇ ಉದ್ಯೋಗ, ತಿಂಗಳಾದರೆ ಸಂಬಳ. ಮೂರನೆಯದರಲ್ಲಿ ಅಂಚೆಯವರು, ದರ್ಜಿಗಳು, ಬಸ್ ಡ್ರೈವರುಗಳು ಕೆಲಸ ಮುಗಿಸಿ ಓಡಿಬಂದು ಬೂಟು ಕಟ್ಟುತ್ತಾರೆ. ನಾಲ್ಕನೆಯದರಲ್ಲಿ ಮೊದಲು ನಾಯಿಗಳನ್ನು ಓಡಿಸಿ ಆಮೇಲೆ ಚೆಂಡು ಇಡಬೇಕು. ವರ್ಷದ ಕೊನೆಗೆ ಪ್ರತಿ ಅಂತಸ್ತಿನ ಮೊದಲಿಗರು ಒಂದು ಮೆಟ್ಟಿಲು ಹತ್ತುತ್ತಾರೆ, ಕಡೆಯವರು ಒಂದು ಮೆಟ್ಟಿಲು ಜಾರುತ್ತಾರೆ. ಈ ಕ್ಲಬ್ಬು ಹನ್ನೆರಡು ವರ್ಷದ ಹಿಂದೆ ನಾಲ್ಕರಿಂದ ಮೂರಕ್ಕೆ ಹತ್ತಿ, ಅಲ್ಲೇ ಬೇರು ಬಿಟ್ಟಿತ್ತು. ಈ ವರ್ಷ—ಅಂತೂ ಇಂತೂ—ಮೊದಲ ಸ್ಥಾನ! ಊರಿನ ಅರ್ಧ ಜನ ಆಗಲೇ ಎರಡನೇ ಡಿವಿಜನ್ನಿನ ಕನಸು ಕಂಡು ಕಂಡು ಎರಡು ದಿಂಬು ಹರಿದಿದ್ದರು.

"ಪೊಲೀಸರನ್ನ ಕರೆಯೋಣವೇ?" ಎಂದರು ಯಾರೋ.

"ಹುಲ್ಲು ಕಳುವಾಯ್ತು ಅಂತ ಬರೆಸೋಕಾ? ನೊರೆಯಕ್ಕನ್ನ ಕರೀರಿ!" ಎಂದರು ಅಧ್ಯಕ್ಷರು.

ಉತ್ತರದ ಗೋಲಿನ ಹಿಂದೆ, ನಾಲ್ಕೇ ಹೆಜ್ಜೆಗೆ, ತಗಡಿನ ಶೆಡ್ಡು. ಮುಂದಿನ ಭಾಗದಲ್ಲಿ ಒಗೆಯುವ ಕಲ್ಲು, ಹಿಂದೆ ಒಂದು ಕೋಣೆ. ನೊರೆಯಕ್ಕ ಅಲ್ಲೇ ತಂಡದ ಬಟ್ಟೆ ಒಗೆಯುತ್ತಿದ್ದಳು, ಅಲ್ಲೇ ಬದುಕುತ್ತಿದ್ದಳು. ಹನ್ನೆರಡು ವರ್ಷದ ಹಿಂದೆ ಗಂಡನ ಮನೆ ಬಿಟ್ಟು, ಒಂದು ಟ್ರಂಕು ಹಿಡಿದು, ಮೈದಾನ ನೋಡಿಕೊಳ್ಳುವ ಸೋದರಮಾವನ ಹತ್ತಿರ ಬಂದಿದ್ದಳು. ಅಂದಿನಿಂದ ಅವಳು ಒಗೆದ ಜರ್ಸಿಗಳನ್ನು ಸಾಲಾಗಿ ಹರವಿದರೆ ಚಂದ್ರನವರೆಗೆ ಹೋಗಿ, ಒಣಗಿ, ಇಸ್ತ್ರಿಯಾಗಿ ವಾಪಸು ಬರುತ್ತಿದ್ದವು. ಕಲೆ ನೋಡಿ ಕಥೆ ಹೇಳುವಳು. ಒಮ್ಮೆ ಕಾಲುಚೀಲವೊಂದನ್ನು ಮೂಸಿ, ಕಳುವಾದ ಟ್ರೋಫಿ ಖಜಾಂಚಿಯ ಮಂಚದ ಕೆಳಗಿದೆ ಎಂದಿದ್ದಳು. ಇತ್ತು.

ಈಗ ಅವಳು ಒದ್ದೆ ಕೈ ಸೀರೆಗೆ ಒರೆಸಿಕೊಂಡು ಬಂದಳು.

"ಯಾರೋ ನಮ್ಮೋರೇ ಗೆರೆಯನ್ನ ಒಳಕ್ಕೆ ಸರಿಸಿದ್ದಾರೆ ಕಣಮ್ಮ," ಎಂದರು ಅಧ್ಯಕ್ಷರು, ಕೂತು, ಎದ್ದು, ಮತ್ತೆ ಕೂತು. "ಗೋಲಿಗೆ ಚಕ್ರ ಇದೆ, ತಳ್ಳಿದ್ರೆ ಹೋಗುತ್ತೆ. ಸುಣ್ಣ ಬಳಿಯೋಕೆ ಎಷ್ಟು ಹೊತ್ತು?"

"ಮೇಲಕ್ಕೆ ಹೋಗೋದು ಯಾರಿಗೆ ಬೇಡ ಅಂತ ಮೊದಲು ಹೇಳಿ."

"ಯಾರಿಗಾದ್ರೂ ಬೇಡ ಇರುತ್ತಾ?"

"ಮೆಟ್ಟಿಲು ಹತ್ತುವಾಗ ಎಲ್ಲರೂ ಮೇಲೇ ನೋಡ್ತಾರೆ ಅಧ್ಯಕ್ಷರೇ. ಮಂಡಿ ನೋವು ಯಾರಿಗೆ ಅಂತ ಕೇಳಲ್ಲ."

ಮಂಡಿ ನೋವಿನವರು ಇಬ್ಬರು ಸಿಕ್ಕರು. ಮೊದಲನೆಯವನು ಗೋಲ್‌ಕೀಪರ್, ಅಂಚೆಯಣ್ಣ. ಹಗಲು ಪತ್ರ ಹಂಚುವನು, ಸಂಜೆ ಚೆಂಡು ಹಿಡಿಯುವನು. ಪತ್ರ ತಪ್ಪಿಸಿದ್ದುಂಟು, ಚೆಂಡು ತಪ್ಪಿಸಿದ್ದು ಕಡಿಮೆ.

"ಎರಡನೇ ಡಿವಿಜನ್‌ಗೆ ಹೋದ್ರೆ ನಿನ್ನ ಕೆಲಸ?"

"ಬಿಡಬೇಕು ಅಕ್ಕ. ದಿನಾ ಎರಡು ಹೊತ್ತು ಅಭ್ಯಾಸ ಅಂತೆ." ಅಂಚೆಯಣ್ಣ ಬೆರಳು ನೆಟಿಕೆ ಮುರಿದ. "ನನ್ನ ಹೆಂಡತಿ ಹೇಳಿಬಿಟ್ಟಿದ್ದಾಳೆ—ಹಾರೋ ಗಂಡ ಬೇಡ, ಪೆನ್ಷನ್ ಬರೋ ಗಂಡ ಸಾಕು ಅಂತ."

"ಹಾಗಾದ್ರೆ ಗೋಲು ತಳ್ಳಿದವನು ನೀನೇ?"

"ಅಯ್ಯೋ! ಬಾ ಇಲ್ಲಿ." ಅವನು ಅವಳನ್ನು ಉತ್ತರದ ಗೋಲಿನ ಮುಂದಕ್ಕೆ ಎಳೆದೊಯ್ದ. ಕಂಬಗಳ ನಡುವೆ, ಗೆರೆಯಿಂದ ಒಂದು ಹೆಜ್ಜೆ ಮುಂದೆ, ಹುಲ್ಲೇ ಇಲ್ಲದ ಬೋಳು ನೆಲ. ಅದರ ನಟ್ಟನಡುವೆ ಹಿಮ್ಮಡಿಯಿಂದ ಕೊರೆದ ಗುಳಿ. "ಪ್ರತಿ ಆಟಕ್ಕೆ ಮುಂಚೆ ಇಲ್ಲಿ ಹಿಮ್ಮಡಿಯಲ್ಲಿ ಗೀರ್ತೀನಿ. ಇದು ನನಗೆ ದಿಕ್ಸೂಚಿ. ಇಲ್ಲಿ ನಿಂತೇ ಹನ್ನೆರಡು ವರ್ಷ ಸವೆಸಿದ್ದೀನಿ. ಈ ಜಾಗಕ್ಕೆ ನಾನು ದ್ರೋಹ ಮಾಡ್ತೀನಾ?"

ನೊರೆಯಕ್ಕ ಆ ಬೋಳು ನೆಲವನ್ನೇ ದಿಟ್ಟಿಸಿದಳು. ಆಮೇಲೆ ನೂರು ಮೀಟರೋ ತೊಂಬತ್ತೇಳೋ ಇರುವ ಮೈದಾನವನ್ನು ದಡದಡ ದಾಟಿ, ದಕ್ಷಿಣದ ಗೋಲಿನ ಮುಂದೆಯೂ ಬಗ್ಗಿ ನೋಡಿದಳು. ಅಲ್ಲೂ ಅಂಥದೇ ಬೋಳು. ಗೋಲಿನ ಹಿಂದೆ ಕಲ್ಲಿನ ಗೋಡೆ, ಗೋಡೆಯಾಚೆ ರಸ್ತೆ.

ಎರಡನೆಯವರು ತರಬೇತುದಾರರು. ಎಲ್ಲರೂ ಸೀಟಿ ಮೇಷ್ಟ್ರು ಎನ್ನುತ್ತಿದ್ದರು. ಅವರು ಸೀಟಿ ಊದಿದರೆ ಪಕ್ಕದ ಊರಿನ ರೈಲು ನಿಲ್ಲುತ್ತಿತ್ತು.

"ಮೇಷ್ಟ್ರೇ, ನಿಮ್ಮ ಕಾಲುಚೀಲದ ಮೇಲೆ ಸುಣ್ಣ?"

"ಇರುತ್ತಮ್ಮ. ಮೈದಾನದಲ್ಲಿ ಸಕ್ಕರೆ ಇರುತ್ತಾ?"

"ಬೆಳಗ್ಗೆ ಆರಕ್ಕೆ ಒಬ್ಬರೇ ಬಂದಿದ್ರಿ. ಕಿಟಕಿಯಿಂದ ನೋಡಿದೆ."

ಮೇಷ್ಟ್ರು ಸೀಟಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ಎರಡನೇ ಡಿವಿಜನ್ ಕೋಚಿಗೆ ದೊಡ್ಡ ಸರ್ಟಿಫಿಕೇಟ್ ಬೇಕು. ನನ್ನ ಹತ್ತಿರ ಇರೋದು ಸಣ್ಣದು. ತಂಡ ಮೇಲೆ ಹೋಗುತ್ತೆ, ನಾನು ಮನೆಗೆ ಹೋಗ್ತೀನಿ. ಅದಕ್ಕೇ... ಗೆರೆ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ. ಅಷ್ಟೇ. ಯಾರಿಗೂ ಹೇಳಬೇಡ ತಾಯಿ, ಹುಡುಗರು ಆಡಿಕೊಳ್ತಾರೆ."

ಸುಣ್ಣ ಕಾಲುಚೀಲದ ಹಿಂಬದಿಗೆ ಮಾತ್ರ ಮೆತ್ತಿತ್ತು. ಗೆರೆ ಬಳಿದವನಿಗೆ ಮುಂಬದಿಗೆ ಚಿಮ್ಮುತ್ತದೆ. ಗೆರೆಯ ಮೇಲೆ ಕಾಲು ಚಾಚಿ ಕೂತವನಿಗೆ ಹಿಂಬದಿಗೆ ಮೆತ್ತುತ್ತದೆ. ನೊರೆಯಕ್ಕ ತಲೆಯಾಡಿಸಿ ಅವರನ್ನು ಬಿಟ್ಟಳು.

ಗಂಟೆ ಹನ್ನೊಂದು. ಅಧ್ಯಕ್ಷರ ಫೋನು ಬಡಿದುಕೊಳ್ಳುತ್ತಲೇ ಇತ್ತು. ಹಿಂದಿನ ಸ್ಥಾನದ ಕ್ಲಬ್ಬಿನವರು ಆಗಲೇ ವಿಷಯ ತಿಳಿದು, "ನಿಮಗೆ ತುಂಬಾ ಬೇಜಾರಾಗಿರಬೇಕು" ಎಂದು ನಗು ತಡೆದುಕೊಂಡು ಹೇಳುತ್ತಿದ್ದರು.

ಸೋದರಮಾವ ಉಗ್ರಾಣದ ಮುಂದೆ ಸುಣ್ಣ ಕಲಸುತ್ತಿದ್ದ. ಅವನನ್ನು ಎಲ್ಲರೂ ಸುಣ್ಣಜ್ಜ ಎನ್ನುವರು. ಹುಲ್ಲು ಕತ್ತರಿಸುವುದು, ಗೆರೆ ಎಳೆಯುವುದು, ಹರಿದ ಬಲೆ ಹೆಣೆಯುವುದು—ಎಲ್ಲ ಅವನೇ.

"ಮಾವ, ಗೆರೆ ಯಾರಾದ್ರೂ ಸರಿಸಿದ್ರಾ?"

"ನನ್ನ ಗೆರೆ ಮುಟ್ಟೋ ಗಂಡು ಇನ್ನೂ ಹುಟ್ಟಿಲ್ಲ ಕಣೇ."

"ನಿಜ?"

"ನಿನ್ನಾಣೆ." ಆದರೆ ಅವನು ಕಲಸುತ್ತಲೇ ಇದ್ದ. ಸುಣ್ಣ ಎಂದೋ ಬೆಣ್ಣೆಯಾಗಿತ್ತು.

"ಟೇಪು ಎಲ್ಲಿ?"

ಕೋಲು ನಿಂತಿತು. "ಯಾವ ಟೇಪು?"

"ನಮ್ಮ ಕ್ಲಬ್ಬಿಗೆ ಎಷ್ಟು ಟೇಪಿದೆ ಮಾವ?"

ಅವನು ಕಣ್ಣಲ್ಲೇ ಒಳಗಿನ ಗೋಡೆಯ ಮೊಳೆ ತೋರಿಸಿದ. ನೊರೆಯಕ್ಕ ಉಗ್ರಾಣದೊಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಬಟ್ಟೆಯ ಹಳೆಯ ಟೇಪು ಬಿಚ್ಚಿದಳು. ನೋಡಿದಳು. ಮತ್ತೆ ನೋಡಿದಳು. ತಲೆಕೆಳಗಾದ ಬಕೆಟ್ಟಿನ ಮೇಲೆ ಕುಸಿದು ಕೂತಳು. ಹನ್ನೆರಡು ವರ್ಷದಲ್ಲಿ ಒಂದು ನಿಮಿಷವೂ ಖಾಲಿ ಇರದಿದ್ದ ಆ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಬಾಯಿ ಮುಚ್ಚಿಕೊಂಡರೆ ತಗಡಿನ ಸೂರು ಉಳಿಯುತ್ತದೆ. ಬಾಯಿ ಬಿಟ್ಟರೆ?

ಹೊರಗೆ ಸೀಟಿ ಮೇಷ್ಟ್ರು ಹುಡುಗರನ್ನು ಸಾಲಾಗಿ ನಿಲ್ಲಿಸುತ್ತಿದ್ದರು—ತಮ್ಮನ್ನು ಮನೆಗೆ ಕಳಿಸಲಿರುವ ಮೆಟ್ಟಿಲಿಗೆ ಅವರನ್ನು ತಾವೇ ಸಿದ್ಧ ಮಾಡುತ್ತ.

ಅವಳು ಎದ್ದಳು.

ಹನ್ನೆರಡಕ್ಕೆ ಎಲ್ಲರೂ ಉತ್ತರದ ಗೋಲಿನ ಮುಂದೆ ಸೇರಿದರು.

"ಮೊದಲು ಒಂದು ಮಾತು ಕೊಡಿ ಅಧ್ಯಕ್ಷರೇ. ಮೂರು ಮೀಟರ್ ವಾಪಸು ಸಿಕ್ಕರೆ, ಕದ್ದವರ ಕೆಲಸ ಕಿತ್ತುಕೊಳ್ಳಬಾರದು."

"ಕಳ್ಳನಿಗೆ ಸನ್ಮಾನ ಮಾಡಲಾ?"

"ಐದು ಗಂಟೆಗೆ ಇನ್ನು ಐದೇ ಗಂಟೆ."

"ಆಯ್ತು, ಆಯ್ತು! ಹೇಳು!"

"ಗೆರೆ ಯಾರೂ ಸರಿಸಿಲ್ಲ." ಅವಳು ಬೋಳು ನೆಲದತ್ತ ಬೆರಳು ಮಾಡಿದಳು. "ನೀವೆಲ್ಲ ಬೆಳಗ್ಗಿಂದ ಬಿಳಿ ಗೆರೆ ನೋಡ್ತಿದ್ದೀರಿ. ಬೋಳು ಯಾರೂ ನೋಡಲಿಲ್ಲ. ಗೋಲು ಒಳಕ್ಕೆ ಬಂದಿದ್ರೆ ಅಂಚೆಯಣ್ಣನ ಗುಳಿ ಬಲೆಯ ಕೆಳಗೆ ಇರಬೇಕಿತ್ತು. ಅದು ಗೆರೆಯ ಮುಂದೆ, ತನ್ನ ಜಾಗದಲ್ಲೇ ಇದೆ. ಆ ಕಡೆಯೂ ಹಾಗೇ. ಸುಣ್ಣ ಸುಳ್ಳು ಹೇಳಬಹುದು, ಹನ್ನೆರಡು ವರ್ಷ ಸವೆದ ನೆಲ ಹೇಳಲ್ಲ."

"ಹಾಗಾದ್ರೆ ಮೈದಾನ ಯಾವಾಗ ಚಿಕ್ಕದಾಯ್ತು?" ಎಂದ ಅಂಚೆಯಣ್ಣ.

"ಆಗಲೇ ಇಲ್ಲ. ಇದು ಹುಟ್ಟಿದಾಗಿಂದ ತೊಂಬತ್ತೇಳೇ. ಕತ್ತರಿಸಿದ್ದು ಮೈದಾನವನ್ನಲ್ಲ—ಇದನ್ನ."

ಟೇಪಿನ ತುದಿಯ ಹಿತ್ತಾಳೆ ಬಳೆಯನ್ನು ಎತ್ತಿ ಹಿಡಿದಳು. ಬಳೆಯ ಪಕ್ಕದಲ್ಲಿ ಸೊನ್ನೆ ಇರಬೇಕಿತ್ತು. ಇದ್ದದ್ದು ಮೂರು.

"ಮೊದಲ ಮೂರು ಮೀಟರ್ ಕತ್ತರಿಸಿ, ಬಳೆಯನ್ನ ಮತ್ತೆ ಹೊಲಿದಿದ್ದಾರೆ. ಪೆನಾಲ್ಟಿ ಚುಕ್ಕಿ, ಗೋಲಿನ ಮುಂದಿನ ಚೌಕ ಎಲ್ಲ ಗಂಟು ಹಾಕಿದ ಹಗ್ಗದಲ್ಲಿ ಅಳೆಯೋದು. ಟೇಪು ಹೊರಗೆ ಬರೋದು ವರ್ಷಕ್ಕೊಂದು ಸಲ, ಅರ್ಜಿ ತುಂಬೋ ದಿನ. ಆಗ ಎಲ್ಲರೂ ನೂರು ಬರುವ ತುದಿಗೆ ಓಡ್ತೀರಿ. ಶುರುವಿನ ತುದಿ ಯಾರು ನೋಡ್ತಾರೆ?"

"ಹೊಲಿದದ್ದು ಯಾರು?"

"ದಾರ ನೋಡಿ. ಹಸಿರು ನೈಲಾನು. ನಮ್ಮ ಬಲೆ ಹಸಿರಾಗಿದ್ದದ್ದು ನಾಲ್ಕನೇ ಡಿವಿಜನ್ನಿನಲ್ಲಿ. ಮೂರಕ್ಕೆ ಹತ್ತಿದ ವರ್ಷ ಬಿಳಿ ಬಲೆ ತಂದಿರಿ. ಹಾಗಾದ್ರೆ ಕತ್ತರಿ ಬಿದ್ದದ್ದು ಆ ವರ್ಷವೇ, ಮೂರನೇ ಡಿವಿಜನ್ ಮೊದಲ ಸಲ ನೂರು ಮೀಟರ್ ಕೇಳಿದಾಗ. ಗಂಟು ಬಲೆ ಹೆಣೆಯೋ ಗಂಟು. ಅದನ್ನ ಹಾಕಬಲ್ಲ ಕೈ ಇಲ್ಲಿ ಒಂದೇ. ಪ್ರತಿ ವರ್ಷ 'ಬಳೆ ನಾನು ಹಿಡಿಯೋದು' ಅಂತ ಜಗಳ ಆಡಿ ಈ ತುದಿ ಹಿಡಿಯೋ ಕೈಯೂ ಅದೇ."

ಯಾರೂ ಹೆಸರು ಕೇಳಲಿಲ್ಲ. ಎಲ್ಲರ ಕತ್ತೂ ಸುಣ್ಣಜ್ಜನತ್ತ ತಿರುಗಿತು. ಅವನ ಮುಖ ಅವನ ಬಕೆಟ್ಟಿಗಿಂತ ಬಿಳಿಯಾಗಿತ್ತು.

"ಯಾಕೋ ಅಜ್ಜ?" ಎಂದರು ಅಧ್ಯಕ್ಷರು. "ಆಗಲೇ ಹೇಳಿದ್ರೆ ಮೈದಾನ ಉದ್ದ ಮಾಡ್ತಿದ್ವಲ್ಲ!"

"ಯಾವ ಕಡೆಗೆ?" ಎಂದ ಸುಣ್ಣಜ್ಜ. "ಆ ಕಡೆ ಗೋಡೆ, ರಸ್ತೆ. ಈ ಕಡೆ..."

ಅವನು ತಗಡಿನ ಶೆಡ್ಡಿನತ್ತ ನೋಡಿದ.

"ಈ ಕಡೆ ನನ್ನ ಶೆಡ್ಡು," ಎಂದಳು ನೊರೆಯಕ್ಕ. "ನಾನು ಟ್ರಂಕು ಹಿಡಿದು ಬಂದು ಆಗಿನ್ನೂ ಎಂಟು ದಿನ ಆಗಿತ್ತು."

"ನಿನ್ನನ್ನ ಎಲ್ಲಿಗೆ ಕಳಿಸಲಿ ಅಂತ ತೋಚಲಿಲ್ಲ ಕಣೇ," ಎಂದ ಅವನು, ಅವಳೊಬ್ಬಳಿಗೇ. "ಕತ್ತರಿ ಕೈಯಲ್ಲಿತ್ತು."

ಬಾವುಟಗಳು ಪಟಪಟ ಬಡಿದವು. ಫೋನು ಮತ್ತೆ ಕೂಗಿತು, ಯಾರೂ ಎತ್ತಲಿಲ್ಲ. ನೊರೆಯಕ್ಕ ಸೆರಗು ಸಿಕ್ಕಿಸಿದಳು. ಶೆಡ್ಡಿನೊಳಗೆ ಹೋದಳು. ಟ್ರಂಕು ಎಳೆದು ಹೊರಗಿಟ್ಟಳು. ಹಾರೆ ಎತ್ತಿ ಮೊದಲ ತಗಡಿಗೆ ತಾನೇ ಹಾಕಿದಳು.

"ನಿಂತು ನೋಡ್ತೀರೇನ್ರೋ? ಕಾಲಲ್ಲಿ ಮಾತ್ರ ಆಡೋದಾ, ಕೈ ಇಲ್ವಾ?"

ಆಮೇಲೆ ನಡೆದದ್ದನ್ನು ನೋಡದವರು ನಂಬುವುದಿಲ್ಲ, ನೋಡಿದವರೂ ಅರ್ಧವೇ ನಂಬುತ್ತಾರೆ. ಹನ್ನೊಂದು ಮಂದಿ ಆಟಗಾರರು ಶೆಡ್ಡನ್ನು ಉಸಿರು ಬಿಡುವಷ್ಟರಲ್ಲಿ ಕಿತ್ತರು. ಒಗೆಯುವ ಕಲ್ಲನ್ನು ಸೀಟಿ ಮೇಷ್ಟ್ರು ಒಬ್ಬರೇ ಉರುಳಿಸಿದರು. ಗೋಲು ಚಕ್ರದ ಮೇಲೆ ಕಿರುಗುಟ್ಟುತ್ತ ಹಿಂದೆ ಸರಿಯಿತು. ಸುಣ್ಣಜ್ಜ ಹಗ್ಗ ಕಟ್ಟಿದ, ಗೆರೆ ಎಳೆದ, ಅಳಿಸಿದ, ಎಳೆದ. ಅಂಚೆಯಣ್ಣ ಹೊಸ ಗೆರೆಯ ಮುಂದೆ ಹಿಮ್ಮಡಿಯಿಂದ ಗೀರಿದ. ಅಧ್ಯಕ್ಷರು ತಮ್ಮ ಕೋಣೆಯ ಬೀಗದ ಕೈಯನ್ನು ಟ್ರಂಕಿನ ಮೇಲಿಟ್ಟು, "ನನಗೆ ಆ ಕೋಣೇಲಿ ನಿದ್ದೆ ಬಿಟ್ಟು ಬೇರೆ ಕೆಲಸ ಇರಲಿಲ್ಲಮ್ಮ," ಎಂದರು.

ಐದಕ್ಕೆ ಅಳತೆ ಸಾಹೇಬರು ಬಂದರು. "ಈ ತುದಿ ಯಾರು ಹಿಡೀತೀರಿ?"

ಸುಣ್ಣಜ್ಜ ಒಂದು ಹೆಜ್ಜೆ ಹಿಂದೆ ಸರಿದ.

"ಮಾವ, ನೀನೇ ಹಿಡಿ," ಎಂದಳು ನೊರೆಯಕ್ಕ.

ಟೇಪು ಸರ್ರನೆ ಬಿಚ್ಚಿಕೊಂಡು ಓಡಿತು. ಅದರ ಹಿಂದೆ ಅಧ್ಯಕ್ಷರು, ಮೇಷ್ಟ್ರು, ಆಟಗಾರರು, ಅರ್ಧ ಊರು—ಎಲ್ಲರೂ ಆ ತುದಿಗೆ. ಈ ತುದಿಯಲ್ಲಿ ಉಳಿದವರು ಇಬ್ಬರೇ. ಸುಣ್ಣಜ್ಜ ಮಂಡಿಯೂರಿ, ಹೆಬ್ಬೆರಳಿನಿಂದ ಬಳೆಯನ್ನು ಗೆರೆಗೆ ಒತ್ತಿದ. ನೊರೆಯಕ್ಕ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಬಗ್ಗಿದಳು.

"ಎಷ್ಟಿದೆ ಮಾವ?"

"ಸೊನ್ನೆ ಕಣೇ. ಸೊನ್ನೆಯಿಂದಲೇ ಶುರು."

ಆ ತುದಿಯಲ್ಲಿ ಊರು "ನೂರು!" ಎಂದು ಕೂಗಿತು.